ಹಣದುಬ್ಬರದ ಫೋರ್‌ಕಾಸ್ಟಿಂಗ್‌ನಲ್ಲಿ ಪಿಎಚ್‌ಡಿ: ಪ್ರಸ್ತಾವನೆಯಲ್ಲಿ ಏನಿರಬೇಕು, ಮುಂದೆ ದಾರಿ ಯಾವುದು?

ಗಂಗೋತ್ರಿ_ಎಂಎ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎ ಅರ್ಥಶಾಸ್ತ್ರ, ಕೊನೆಯ ಸೆಮಿಸ್ಟರ್. ಮ್ಯಾಕ್ರೋ ಫೋರ್‌ಕಾಸ್ಟಿಂಗ್‌ನಲ್ಲೇ (ಇಡೀ ಅರ್ಥವ್ಯವಸ್ಥೆಯ ಮುನ್ನಂದಾಜು) ಪಿಎಚ್‌ಡಿ ಮಾಡಿ ಬೋಧನೆ, ಸಂಶೋಧನೆ ಕಡೆ ಹೋಗುವ ಯೋಚನೆ. ಪ್ರಾಜೆಕ್ಟಿಗೆ ಕಟ್ಟಿದ ಮಾದರಿಯನ್ನೇ ಬೆಳೆಸಿ ಪ್ರಸ್ತಾವನೆ ಬರೆಯಬಹುದಾ ಅಂತ ಕೇಳಬೇಕಿತ್ತು.

ಮಾದರಿ ಇಷ್ಟು: 2013ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ 144 ತಿಂಗಳ ಅಂಕಿ. ಐದು ಚರಗಳ ವಿಎಆರ್ (ಪ್ರತಿ ಚರವನ್ನೂ ಎಲ್ಲ ಚರಗಳ ಹಿಂದಿನ ಮೌಲ್ಯಗಳಿಂದ ಅಂದಾಜು ಮಾಡುವ ಮಾದರಿ), ನಾಲ್ಕು ಲ್ಯಾಗ್ (ಹಿಂದಿನ ನಾಲ್ಕು ತಿಂಗಳ ಮೌಲ್ಯ). ಚರಗಳು: ಗ್ರಾಹಕ ಬೆಲೆ ಸೂಚ್ಯಂಕದ (ಸಿಪಿಐ) ಹಣದುಬ್ಬರ (ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದ್ದು), ಐಐಪಿ (ಕೈಗಾರಿಕಾ ಉತ್ಪಾದನಾ ಸೂಚ್ಯಂಕ) ಬೆಳವಣಿಗೆ, ರೆಪೊ ದರ, ಡಾಲರ್ ಎದುರು ರೂಪಾಯಿ, ಕಚ್ಚಾತೈಲ. ಹಣದುಬ್ಬರದ ಸಮೀಕರಣದಲ್ಲಿ ಆರ್-ಸ್ಕ್ವೇರ್ (ಏರಿಳಿತದಲ್ಲಿ ಮಾದರಿ ವಿವರಿಸುವ ಪಾಲು) 0.94 ಬಂದಿದೆ.

ಇಷ್ಟು ಸಾಕಾ? ಎಲ್ಲಿ ಅರ್ಜಿ ಹಾಕಬೇಕು? ಈ ವಿಷಯದಲ್ಲಿ ಮೇಷ್ಟ್ರ ಕೆಲಸ ಬಿಟ್ಟರೆ ಬೇರೆ ಏನಿದೆ?

ಸರಣಿಲೆಕ್ಕ

ಆ 0.94 ನೋಡಿ ಹಿಗ್ಗಬೇಡಿ. ಅದು ಮಾದರಿಯ ಗುಣ ಅಲ್ಲ, ನೀವು ಆರಿಸಿದ ಚರದ ಗುಣ. ವಾರ್ಷಿಕ ಹಣದುಬ್ಬರ ಅಂದರೆ ಹನ್ನೆರಡು ತಿಂಗಳ ಏರಿಳಿತದ ಮೊತ್ತ. ಈ ತಿಂಗಳ ದರಕ್ಕೂ ಹಿಂದಿನ ತಿಂಗಳ ದರಕ್ಕೂ ಆ ಹನ್ನೆರಡರಲ್ಲಿ ಹನ್ನೊಂದು ಒಂದೇ. ಹಿಂದಿನ ತಿಂಗಳ ದರ ಒಂದನ್ನೇ ಇಟ್ಟುಕೊಂಡು ರಿಗ್ರೆಷನ್ ಮಾಡಿ ನೋಡಿ, ಆರ್-ಸ್ಕ್ವೇರ್ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ರೆಪೊ, ಐಐಪಿ, ತೈಲ ಎಲ್ಲ ಸೇರಿ ತಂದ ಲಾಭ ಏನು ಅಂತ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಅದೇ.

ಸೂಚ್ಯಂಕದ ಲಾಗ್ ತೆಗೆದು, ತಿಂಗಳಿಂದ ತಿಂಗಳಿಗೆ ಬದಲಾವಣೆಯನ್ನು ಫೋರ್‌ಕಾಸ್ಟ್ ಮಾಡಿ. ಆಮೇಲೆ ಕೂಡಿಸಿ ವಾರ್ಷಿಕ ದರಕ್ಕೆ ತನ್ನಿ. ಹಾಗೆ ಮಾಡಿದರೆ ಬೇಸ್ ಎಫೆಕ್ಟ್ ತಾನಾಗಿ ಬೇರೆಯಾಗುತ್ತದೆ. 2023ರ ಜುಲೈನಲ್ಲಿ ಹಣದುಬ್ಬರ 7.44% ಇತ್ತು, 2024ರ ಜುಲೈನಲ್ಲಿ ಮೊದಲು ಪ್ರಕಟವಾದ ಅಂಕಿ 3.54%. ಆ ಇಳಿತದಲ್ಲಿ ದೊಡ್ಡ ಪಾಲು ಹಿಂದಿನ ವರ್ಷದ ಎತ್ತರದ್ದು. ಅದನ್ನು ಮೊದಲೇ ಹೇಳುವುದಕ್ಕೆ ವಿಎಆರ್ ಬೇಕಿಲ್ಲ, ಕಳೆದ ವರ್ಷದ ಪಟ್ಟಿ ಇದ್ದರೆ ಸಾಕು.

ಇನ್ನು ಪರೀಕ್ಷೆ. ಮಾದರಿ ಕಂಡಿರದ ತಿಂಗಳುಗಳ ಮೇಲೆ ಮಾಡಿದ್ದು ಮಾತ್ರ ಲೆಕ್ಕಕ್ಕೆ. ಮೊದಲ 84 ತಿಂಗಳಲ್ಲಿ ಅಂದಾಜು ಮಾಡಿ, 1, 3, 6, 12 ತಿಂಗಳು ಮುಂದಕ್ಕೆ ಹೇಳಿ, ಒಂದು ತಿಂಗಳು ಸೇರಿಸಿ ಮತ್ತೆ ಅಂದಾಜು ಮಾಡಿ ಮತ್ತೆ ಹೇಳಿ, ಹೀಗೇ ಕೊನೆಯವರೆಗೆ. ಪ್ರತಿ ಅವಧಿಗೂ ಆರ್‌ಎಂಎಸ್‌ಇ (ದೋಷಗಳ ವರ್ಗದ ಸರಾಸರಿಯ ವರ್ಗಮೂಲ) ತೆಗೆದು ಸರಳ ಮಾದರಿಯ ಆರ್‌ಎಂಎಸ್‌ಇಯಿಂದ ಭಾಗಿಸಿ. 1ಕ್ಕಿಂತ ಕಡಿಮೆ ಬಂದರೆ ಮಾತ್ರ ಮುಂದಿನ ಮಾತು. ಹಣದುಬ್ಬರಕ್ಕೆ ಸರಳ ಮಾದರಿ ಯಾವುದು ಅಂದರೆ, ಒಂದು ಎಆರ್ (ಚರದ ಸ್ವಂತ ಹಿಂದಿನ ಮೌಲ್ಯಗಳಿಂದಲೇ ಹೇಳುವುದು), ಇನ್ನೊಂದು ಆಟ್ಕೆಸನ್ ಮತ್ತು ಒಹಾನಿಯನ್ 2001ರಲ್ಲಿ ಬಳಸಿದ್ದು: ಮುಂದಿನ ಒಂದು ವರ್ಷದ ಹಣದುಬ್ಬರ ಕಳೆದ ಒಂದು ವರ್ಷದಷ್ಟೇ ಇರುತ್ತದೆ ಅನ್ನುವುದು. ಅಮೆರಿಕದ ಅಂಕಿಗಳಲ್ಲಿ ಅದೇ ದೊಡ್ಡ ದೊಡ್ಡ ಮಾದರಿಗಳಿಗೆ ನೀರು ಕುಡಿಸಿತ್ತು. ರೂಪಾಯಿಗೆ ಬಂದರೆ ಮೀಸ್ ಮತ್ತು ರೊಗಾಫ್ 1983ರಲ್ಲಿ ತೋರಿಸಿದ್ದು ಇನ್ನೂ ಗಟ್ಟಿ: ಅಲ್ಪಾವಧಿಯಲ್ಲಿ ವಿನಿಮಯ ದರಕ್ಕೆ ರ‍್ಯಾಂಡಮ್ ವಾಕ್ (ಮುಂದಿನ ದರ ಇಂದಿನದೇ ಅನ್ನುವ ಮಾದರಿ) ಸೋಲಿಸುವುದು ಕಷ್ಟ.

ಪ್ಯಾರಾಮೀಟರ್ ಎಣಿಸಿದ್ದೀರಾ? ಐದು ಚರ, ನಾಲ್ಕು ಲ್ಯಾಗ್, ಒಂದು ಸ್ಥಿರಾಂಕ: ಒಂದೊಂದು ಸಮೀಕರಣಕ್ಕೆ 21, ಒಟ್ಟು 105. 84 ತಿಂಗಳ ಅಂಕಿಯಲ್ಲಿ ಇಷ್ಟನ್ನು ಅಂದಾಜು ಮಾಡಿದರೆ ಗೊಂದಲವನ್ನೇ ಕಲಿಯುತ್ತದೆ. ಮಿನೆಸೋಟಾ ಪ್ರಯರ್ (ಅಂಕಿ ನೋಡುವ ಮೊದಲಿನ ನಂಬಿಕೆ) ಹಾಕಿ ಬೇಯೆಸಿಯನ್ ವಿಎಆರ್ ಮಾಡಿ. ಪ್ರತಿ ಚರವೂ ತನ್ನದೇ ಹಿಂದಿನ ಮೌಲ್ಯದ ಸುತ್ತ ನಡೆಯುತ್ತದೆ ಅಂತ ಮೊದಲು ನಂಬಿ, ಅಂಕಿಗಳು ಬಲವಾಗಿ ಬೇರೆ ಹೇಳಿದರೆ ಮಾತ್ರ ಒಪ್ಪುವ ಕ್ರಮ ಅದು. ಚರಗಳ ಮಟ್ಟದ ಬದಲು ತಿಂಗಳಿಂದ ತಿಂಗಳಿಗೆ ಆದ ವ್ಯತ್ಯಾಸ ಬಳಸಿದ್ದರೆ ಸ್ವಂತ ಮೊದಲ ಲ್ಯಾಗ್‌ನ ಪ್ರಯರ್ ಸರಾಸರಿ 1 ಅಲ್ಲ, 0 ಇಡಬೇಕು. ಇದನ್ನು ಮರೆತ ಪ್ರಬಂಧಗಳು ಬೇಕಾದಷ್ಟಿವೆ.

ಬಂಡೀಪಾಳ್ಯ_ಬೆಲೆಪಟ್ಟಿ

ಸರಣಿಲೆಕ್ಕ ಅವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಪಟ್ಟಿಯಲ್ಲಿ ತರಕಾರಿಯೇ ಇಲ್ಲವಲ್ಲ! 2012 ಆಧಾರ ವರ್ಷದ ಸಿಪಿಐನಲ್ಲಿ ಆಹಾರ ಮತ್ತು ಪಾನೀಯದ ತೂಕ 45.86. ತರಕಾರಿ 6.04, ಇಂಧನ ಮತ್ತು ದೀಪ 6.84, ವಸತಿ 10.07. ನೀವು ಇಟ್ಟಿರುವ ಐದು ಚರಗಳಲ್ಲಿ ಒಂದಕ್ಕೂ ಟೊಮೇಟೊ ಏನು ಮಾಡುತ್ತಿದೆ ಅಂತ ಗೊತ್ತಿಲ್ಲ.

ಟೊಮೇಟೊ ತೂಕ ನೂರರಲ್ಲಿ ಸುಮಾರು 0.57. ಅರ್ಧ ಚಿಲ್ಲರೆ ಅಂಶ, ಏನಾಗುತ್ತೆ ಅನ್ನಿಸಬಹುದು. ಬೆಲೆ ವರ್ಷದಲ್ಲಿ ಮೂರು ಪಟ್ಟಾಯಿತು ಅನ್ನಿ, ಅಂದರೆ 200% ಏರಿಕೆ. 0.57 ಗುಣಿಸು 2, ಹತ್ತಿರ ಹತ್ತಿರ 1.14 ಶೇಕಡಾ ಅಂಶ ಒಟ್ಟು ಹಣದುಬ್ಬರಕ್ಕೇ ಸೇರುತ್ತದೆ. (ನಿಖರವಾಗಿ ಬೇಕಿದ್ದರೆ ಹಿಂದಿನ ವರ್ಷದ ಟೊಮೇಟೊ ಸೂಚ್ಯಂಕವನ್ನು ಒಟ್ಟು ಸೂಚ್ಯಂಕದಿಂದ ಭಾಗಿಸಿ ತೂಕಕ್ಕೆ ಗುಣಿಸಿಕೊಳ್ಳಬೇಕು.) 2023ರ ಜೂನ್‌ನಲ್ಲಿ 4.87 ಇದ್ದದ್ದು ಜುಲೈನಲ್ಲಿ 7.44ಕ್ಕೆ ಹಾರಿದ್ದು ತರಕಾರಿಯ ದೆಸೆಯಿಂದಲೇ.

ಇಲ್ಲಿ ದಿನಾಂಕ ನೋಡಿ, ಇಡೀ ವಿಷಯ ಅದರಲ್ಲಿದೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಸಭೆ ಮುಗಿದದ್ದು 2023ರ ಆಗಸ್ಟ್ 10. ಜುಲೈನ ಸಿಪಿಐ ಬಂದದ್ದು ಆಗಸ್ಟ್ 14. ಸಭೆಯ ದಿನ ಕೈಯಲ್ಲಿದ್ದ ಕೊನೆಯ ಅಧಿಕೃತ ಅಂಕಿ ಜೂನ್‌ದು. ಆದರೂ ಜುಲೈ–ಸೆಪ್ಟೆಂಬರ್ ಅಂದಾಜನ್ನು 5.2ರಿಂದ 6.2ಕ್ಕೆ ಏರಿಸಿದರು. ಹೇಗೆ? ದಿನದ ಬೆಲೆಗಳು ಜುಲೈ ತುಂಬ ಕಣ್ಣಿಗೆ ಕಾಣುತ್ತಿದ್ದವು. ಆ ಮೂರು ತಿಂಗಳು ಕೊನೆಗೆ 7.44, 6.83, 5.02 ಆಗಿ ಸರಾಸರಿ 6.43 ಬಂತು.

ನೀವೂ ಇದನ್ನು ಮಾಡಬಹುದು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ದಿನವೂ ಚಿಲ್ಲರೆ ಬೆಲೆ ಹಾಕುತ್ತದೆ. ಮೊದಲು 22 ಪದಾರ್ಥ ಇತ್ತು, 2024ರ ಆಗಸ್ಟ್‌ನಿಂದ 38. ಸಗಟು ಬೆಲೆಗೆ ಸರ್ಕಾರದ ಕೃಷಿ ಮಾರುಕಟ್ಟೆ ಪೋರ್ಟಲ್ ಆಗ್‌ಮಾರ್ಕ್‌ನೆಟ್ ಇದೆ, ನಮ್ಮ ಬಂಡೀಪಾಳ್ಯ ಎಪಿಎಂಸಿಯಂಥ ಮಾರುಕಟ್ಟೆಗಳ ಆವಕ, ಕನಿಷ್ಠ, ಗರಿಷ್ಠ, ಹೆಚ್ಚು ವ್ಯಾಪಾರ ನಡೆದ (ಮೋಡಲ್) ಬೆಲೆ ಎಲ್ಲ ಸಿಗುತ್ತದೆ. ತಿಂಗಳ ಕೊನೆಯ ಬೆಲೆ ತೆಗೆದುಕೊಳ್ಳಬೇಡಿ. ಸಿಪಿಐಗೆ ಬೆಲೆ ಸಂಗ್ರಹ ತಿಂಗಳ ಎಲ್ಲ ವಾರಗಳಲ್ಲೂ ಹಂಚಿಕೊಂಡು ನಡೆಯುತ್ತದೆ (2012 ಸರಣಿಯಲ್ಲಿ 1,181 ಹಳ್ಳಿ, ಪಟ್ಟಣಗಳ 1,114 ಮಾರುಕಟ್ಟೆ), ಆದ್ದರಿಂದ ತಿಂಗಳ ಸರಾಸರಿಯೇ ಬೇಕು. ರಜಾ ದಿನ ಖಾಲಿ ಇರುತ್ತದೆ. ಕೆಲವೆಡೆ ಕ್ವಿಂಟಲ್ ಬೆಲೆ ಬರೆಯುವ ಜಾಗದಲ್ಲಿ ಕ್ರೇಟ್ ಅಥವಾ ಕೆಜಿ ಬೆಲೆ ಕೂತಿರುತ್ತದೆ, ಕೆಜಿಯದಾದರೆ ನೂರು ಪಟ್ಟು ವ್ಯತ್ಯಾಸ. ಸರಾಸರಿಗಿಂತ ಮಧ್ಯಾಂಕ ತೆಗೆದರೆ ಇಂಥದ್ದು ಕಾಡುವುದಿಲ್ಲ. ಆಮೇಲೆ ಪ್ರತಿ ಪದಾರ್ಥಕ್ಕೂ ದಿನದ ಬೆಲೆಯ ತಿಂಗಳ ಬದಲಾವಣೆಯಿಂದ ಸಿಪಿಐ ಉಪಸೂಚ್ಯಂಕದ ಬದಲಾವಣೆಗೆ ಒಂದು ಸಣ್ಣ ರಿಗ್ರೆಷನ್, ತೂಕ ಹಾಕಿ ಕೂಡಿಸುವುದು, ಉಳಿದ ಕೋರ್ ಭಾಗಕ್ಕೆ (ಆಹಾರ, ಇಂಧನ ಬಿಟ್ಟದ್ದು) ಎಆರ್. ಒಂದು ತಿಂಗಳ ಮುಂದಕ್ಕೆ ಇದನ್ನು ಸೋಲಿಸುವ ವಿಎಆರ್ ಸಿಕ್ಕರೆ ಇಲ್ಲಿ ಬಂದು ಹೇಳಿ.

ಕೆಆರ್‌ಎಸ್_124 (ಮಂಡ್ಯ)

ಇದರ ಜೊತೆಗೇ ಒಂದು. ದೇಶದ ಲೆಕ್ಕ ಎಲ್ಲರೂ ಮಾಡ್ತಾರೆ. ಮಂಡ್ಯ ಜಿಲ್ಲೆಯ ಆದಾಯವನ್ನೇ ಕೆಆರ್‌ಎಸ್ ನೀರಿನ ಮಟ್ಟ, ಕಬ್ಬು ಅರೆದದ್ದು, ಬೆಲ್ಲದ ಆವಕ ಇಟ್ಟುಕೊಂಡು ಫೋರ್‌ಕಾಸ್ಟ್ ಮಾಡಿದ್ರೆ ಪಿಎಚ್‌ಡಿಗೆ ಹೊಸದಾಗಿರಲ್ವಾ ಅಣ್ಣ?

ಸರಣಿಲೆಕ್ಕ

ಹೊಸದೇನೋ ಹೌದು, ಆದರೆ ಗುರಿಯೇ ಅಲುಗಾಡುತ್ತದೆ. ಜಿಲ್ಲೆಯ ಆದಾಯ ವರ್ಷಕ್ಕೊಂದೇ ಅಂಕಿ. ಬೆಳೆ, ಹಾಲಿನಂಥ ಬಾಬತ್ತಿಗೆ ಜಿಲ್ಲೆಯ ಉತ್ಪಾದನೆ ಹಿಡಿಯುತ್ತಾರೆ ಸರಿ. ಸೇವಾ ವಲಯದ ಬಹುಪಾಲು ರಾಜ್ಯದ ಮೊತ್ತವನ್ನು ಕೆಲಸಗಾರರ ಸಂಖ್ಯೆಯಂಥ ಸೂಚಕದ ಮೇಲೆ ಜಿಲ್ಲೆಗಳಿಗೆ ಹಂಚಿದ್ದು. ಹಂಚಿಕೆಯ ಸೂತ್ರವನ್ನು ಫೋರ್‌ಕಾಸ್ಟ್ ಮಾಡಿದ ಹಾಗಾಗುತ್ತದೆ. ಬೆಲ್ಲ, ಸಕ್ಕರೆ ದೇಶದ ಹಣದುಬ್ಬರವನ್ನೂ ಅಷ್ಟು ಅಲ್ಲಾಡಿಸುವುದಿಲ್ಲ: 2012 ಸರಣಿಯಲ್ಲಿ ಸಕ್ಕರೆ ಮತ್ತು ಮಿಠಾಯಿ ಗುಂಪಿನ ತೂಕ 1.36, ಬೆಲೆ 20% ಏರಿದರೂ 0.27 ಅಂಶ. ಮಂಡ್ಯ ಎಪಿಎಂಸಿಯ ಬೆಲ್ಲದ ಧಾರಣೆಯನ್ನೇ ಗುರಿಯಾಗಿಟ್ಟರೆ ಅದು ಬೇರೆ. ದಿನದ ಅಂಕಿ ಸಿಗುತ್ತದೆ, ಕೃಷಿ ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಧ್ಯಾಯ ಆಗುತ್ತದೆ. ಅದನ್ನು ಮ್ಯಾಕ್ರೋ ಅಂತ ಮಾತ್ರ ಕರೆಯಬೇಡಿ.

ತ್ರೈಮಾಸಿಕ

ಎಲ್ಲಿ ಓದಬೇಕು, ಆಮೇಲೆ ಏನು ಅನ್ನುವುದಕ್ಕೆ.

ನೆಟ್ (ಯುಜಿಸಿಯ ಅರ್ಹತಾ ಪರೀಕ್ಷೆ) ಬರೆಯಿರಿ, ಜೆಆರ್‌ಎಫ್ (ಸಂಶೋಧನಾ ವೇತನ) ಬರುವ ಹಾಗೆ ಬರೆಯಿರಿ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000, ಎಸ್‌ಆರ್‌ಎಫ್ (ಅದರ ಮುಂದಿನ ಹಂತ) 42,000, ಮನೆ ಬಾಡಿಗೆ ಭತ್ಯೆ ಬೇರೆ. ಈ ವಿಷಯದಲ್ಲಿ ದುಡ್ಡಿಲ್ಲದೆ ಪಿಎಚ್‌ಡಿ ಎಳೆಯುವುದು ಕಷ್ಟ, ಯಾಕೆಂದರೆ ಮೊದಲ ಒಂದೂವರೆ ವರ್ಷ ಬರೀ ಅಂಕಿ ಜೋಡಿಸುವುದರಲ್ಲೇ ಹೋಗುತ್ತದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿ ಕನಿಷ್ಠ 3, ಗರಿಷ್ಠ 6 ವರ್ಷ.

ಸಂಸ್ಥೆ: ಬೆಂಗಳೂರಿನ ನಾಗರಭಾವಿಯ ಐಸೆಕ್ (1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು), ಮುಂಬೈನ ಐಜಿಐಡಿಆರ್ (ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ್ದು), ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ಡೆಲ್ಲಿ ಸ್ಕೂಲ್, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ). ಹೆಸರಿಗಿಂತ ಗೈಡ್ ನೋಡಿ. ಕಳೆದ ಐದು ವರ್ಷದಲ್ಲಿ ಟೈಮ್ ಸೀರೀಸ್‌ನಲ್ಲಿ ಏನು ಪ್ರಕಟಿಸಿದ್ದಾರೆ, ಅವರ ವಿದ್ಯಾರ್ಥಿಗಳು ಕೋಡ್ ಬರೆಯುತ್ತಾರಾ, ಇಲ್ಲ ಮೆನು ಒತ್ತಿ ಟೇಬಲ್ ತೆಗೆಯುತ್ತಾರಾ, ಇಷ್ಟು ಸಾಕು. ಗಂಗೋತ್ರಿಯಲ್ಲೇ ಇರಬೇಕು ಅನ್ನುವುದಾದರೆ ಸ್ಟ್ಯಾಟಿಸ್ಟಿಕ್ಸ್ ವಿಭಾಗದಿಂದ ಸಹ-ಮಾರ್ಗದರ್ಶಕರನ್ನು ಕೇಳಿ. ಸ್ಟೇಟ್ ಸ್ಪೇಸ್, ಕಾಲ್ಮನ್ ಫಿಲ್ಟರ್, ಬೇಯೆಸಿಯನ್ ಅಂದಾಜು ಈ ಮೂರನ್ನು ಯಾರಾದರೂ ಕೂರಿಸಿ ಕಲಿಸಬೇಕು. ಅರ್ಥಶಾಸ್ತ್ರದ ಎಂಎ ಪಠ್ಯದಲ್ಲಿ ಅಷ್ಟು ಇರುವುದಿಲ್ಲ.

ಕೆಲಸ: ಕಾಲೇಜು, ವಿವಿಗಳಲ್ಲಿ ಸಹಾಯಕ ಪ್ರಾಧ್ಯಾಪಕ (ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಮೂಲ ವೇತನ 57,700). ರಿಸರ್ವ್ ಬ್ಯಾಂಕಿನ ಡಿಇಪಿಆರ್ (ಆರ್ಥಿಕ ಮತ್ತು ನೀತಿ ಸಂಶೋಧನೆ) ವಿಭಾಗದ ಗ್ರೇಡ್ ಬಿ ಅಧಿಕಾರಿ: ವಯೋಮಿತಿ ಸಾಮಾನ್ಯವಾಗಿ 30, ಪಿಎಚ್‌ಡಿ ಇದ್ದರೆ 34. ಹಾಗಾಗಿ ಪಿಎಚ್‌ಡಿ ಮುಗಿಸಿಯೂ ಬರೆಯಬಹುದು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವೀಸ್‌ಗೆ ಆ ಸಡಿಲಿಕೆ ಇಲ್ಲ, 30ರ ಒಳಗೆ. ಬ್ಯಾಂಕು, ರೇಟಿಂಗ್ ಕಂಪನಿಗಳಲ್ಲೂ ಅರ್ಥಶಾಸ್ತ್ರಜ್ಞರು ಬೇಕು. ಆದರೆ ಅಲ್ಲಿ ಮಾರಾಟ ಆಗುವುದು ನಾಳೆಯ ನಂಬರ್ ಮತ್ತು ಅದಕ್ಕೊಂದು ವಿವರಣೆ. ವಿಶ್ವವಿದ್ಯಾಲಯದಲ್ಲಿ ಹೆಸರು ತರುವುದು ವಿಧಾನ: ಯಾವ ಪರಿಸ್ಥಿತಿಯಲ್ಲಿ ಯಾವ ಮಾದರಿ ಸೋಲುತ್ತದೆ, ಎಷ್ಟು ಸೋಲುತ್ತದೆ ಅನ್ನುವುದನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡುವ ಹಾಗೆ ತೋರಿಸುವುದು. "ಯಾವುದೂ ಎಆರ್ ಮಾದರಿಯನ್ನು ಸೋಲಿಸಲಿಲ್ಲ" ಅನ್ನುವುದೂ ಪ್ರಕಟಣೆಗೆ ಅರ್ಹ ಫಲಿತಾಂಶ, ಕೆಲಸ ಶುದ್ಧವಾಗಿದ್ದರೆ.

ಪ್ರಸ್ತಾವನೆಗೆ ನನ್ನ ಸಲಹೆ: ಮಾದರಿ ಬಿಟ್ಟು ಅಂಕಿಗಳ ಇತಿಹಾಸದಿಂದ ಶುರು ಮಾಡಿ. 2023-24ರ ಜಿಡಿಪಿ ಬೆಳವಣಿಗೆ ನೋಡಿ. 2024ರ ಜನವರಿಯ ಮೊದಲ ಮುಂಗಡ ಅಂದಾಜು 7.3, ಫೆಬ್ರವರಿಯಲ್ಲಿ 7.6, ಮೇನಲ್ಲಿ 8.2, 2025ರ ಫೆಬ್ರವರಿಯಲ್ಲಿ 9.2. ವರ್ಷ ಅದೇ, ಉತ್ತರ ನಾಲ್ಕು. ನಿಮ್ಮ ಮಾದರಿ 7.4 ಹೇಳಿತ್ತು ಅನ್ನಿ, ಅದು ಸರಿಯೋ ತಪ್ಪೋ? ಯಾವ ಅಂಕಿಗೆ ಗುರಿ ಇಟ್ಟಿದ್ದೀರಿ ಅಂತ ಮೊದಲೇ ಬರೆದಿಟ್ಟಿರಬೇಕು. ಅಮೆರಿಕದವರಿಗೆ ಫಿಲಡೆಲ್ಫಿಯಾ ಫೆಡ್‌ನ ರಿಯಲ್-ಟೈಮ್ ಅಂಕಿಸಂಗ್ರಹ ಇದೆ, ಕ್ರೌಷೋರ್ ಮತ್ತು ಸ್ಟಾರ್ಕ್ 2001ರಲ್ಲಿ ಅದರ ಬಗ್ಗೆ ಬರೆದ ಮೇಲೆ ಈ ಕ್ಷೇತ್ರದ ದಾರಿಯೇ ಬದಲಾಯಿತು. ನಮ್ಮಲ್ಲಿ ಪತ್ರಿಕಾ ಪ್ರಕಟಣೆಯ ಪಿಡಿಎಫ್ ತೆರೆದು ಟೈಪ್ ಮಾಡಬೇಕು. ಬೇಸರದ ಕೆಲಸ, ಆದರೆ ಮೊದಲ ಅಧ್ಯಾಯ ಅದೇ.

ಪಟ್ಟಿಗೆ ನಾಲ್ಕು ಕಾಲಂ ಇರಲಿ: ಯಾವ ಅವಧಿಯ ಅಂಕಿ, ಪ್ರಕಟವಾದ ದಿನ, ಮೌಲ್ಯ, ಆಧಾರ ವರ್ಷ. ಹಳೆಯ ಸಾಲನ್ನು ಅಳಿಸಬೇಡಿ, ಪರಿಷ್ಕರಣೆ ಬಂದಾಗ ಹೊಸ ಸಾಲು ಸೇರಿಸಿ. ಇಂಥ ದಿನ ಏನು ಗೊತ್ತಿತ್ತು ಅಂದರೆ, ಪ್ರಕಟಣಾ ದಿನ ಅದಕ್ಕಿಂತ ಮುಂಚೆ ಇರುವ ಸಾಲುಗಳಲ್ಲಿ ಪ್ರತಿ ಅವಧಿಯ ಕೊನೆಯದನ್ನು ಹೆಕ್ಕಿದರೆ ಆಯಿತು. ಆಧಾರ ವರ್ಷ ಬದಲಾದಾಗ ಬೆಳವಣಿಗೆ ದರ ಬೆಸೆಯಿರಿ, ಮಟ್ಟ ಬೆಸೆಯಬೇಡಿ. 2015ರ ಜನವರಿಯಲ್ಲಿ ಜಿಡಿಪಿಗೆ 2011-12ರ ಸರಣಿ ಬಂದಾಗ ಆಧಾರ ಮಾತ್ರ ಅಲ್ಲ, ಲೆಕ್ಕ ಹಾಕುವ ವಿಧಾನವೇ ಬದಲಾಯಿತು.

ಗಂಗೋತ್ರಿ_ಎಂಎ

ತುಂಬ ಧನ್ಯವಾದ ಎಲ್ಲರಿಗೂ. ಎರಡು ಅನುಮಾನ. ಸಿಪಿಐಗೂ ಹೀಗೆ ಹಳೆಯ ಆವೃತ್ತಿಗಳನ್ನೆಲ್ಲ ಕೂಡಿಹಾಕಬೇಕಾ? ಮತ್ತೆ ಕೋವಿಡ್ ತಿಂಗಳುಗಳನ್ನು ಏನು ಮಾಡಬೇಕು, ಡಮ್ಮಿ (ಆ ತಿಂಗಳಿಗೆ 1, ಉಳಿದವಕ್ಕೆ 0) ಹಾಕಿದರೆ ಸಾಕಾ? ಡೀಬೋಲ್ಡ್–ಮರಿಯಾನೋ ಪರೀಕ್ಷೆ (ಎರಡು ಮಾದರಿಗಳ ದೋಷದ ವ್ಯತ್ಯಾಸ ನಿಜವೋ ಆಕಸ್ಮಿಕವೋ ನೋಡುವುದು) ಮಾಡಿ ಅಂತ ಮೇಡಂ ಹೇಳಿದ್ದಾರೆ, ಅದರಲ್ಲಿ ಎಚ್ಚರ ವಹಿಸಬೇಕಾದ್ದು ಏನಾದರೂ ಇದೆಯಾ?

ತ್ರೈಮಾಸಿಕ

ಸಿಪಿಐ ಪರಿಷ್ಕರಣೆ ಸಣ್ಣದು. ತಾತ್ಕಾಲಿಕ ಅಂಕಿ ಮುಂದಿನ ತಿಂಗಳು ಅಂತಿಮವಾಗುತ್ತದೆ, ಅಷ್ಟೇ. ಅಲ್ಲಿ ಮುಖ್ಯ ಪ್ರಕಟಣೆಯ ದಿನ, ಮತ್ತು ನೀವೇ ಮಾಡುವ ಋತುಮಾನ ಹೊಂದಾಣಿಕೆ. ಆ ಹೊಂದಾಣಿಕೆ ಮಾಡುವ ಎಕ್ಸ್-13 ಫಿಲ್ಟರ್ ಹಿಂದೆಯೂ ನೋಡುತ್ತದೆ, ಮುಂದೆಯೂ ನೋಡುತ್ತದೆ. ಇಡೀ 144 ತಿಂಗಳಿಗೆ ಒಂದೇ ಸಲ ಹೊಂದಿಸಿ ಆಮೇಲೆ ಪರೀಕ್ಷೆಗೆ ಕೂತರೆ 2019ರ ಮಾದರಿಗೆ 2021ರ ಸುಳಿವು ಕೊಟ್ಟ ಹಾಗೆ. ಪ್ರತಿ ತಿಂಗಳೂ ಆ ತಿಂಗಳವರೆಗಿನ ಅಂಕಿಯಿಂದ ಮತ್ತೆ ಓಡಿಸಬೇಕು. ಐಐಪಿಗೆ ದೀಪಾವಳಿ ಒಮ್ಮೆ ಅಕ್ಟೋಬರ್, ಒಮ್ಮೆ ನವೆಂಬರ್‌ಗೆ ಬರುವುದನ್ನೂ ಹೇಳಿಕೊಡಬೇಕು. ಆರ್ ಸಾಫ್ಟ್‌ವೇರಿನ ಸೀಸನಲ್ ಪ್ಯಾಕೇಜಿನಲ್ಲಿ ದೀಪಾವಳಿ ದಿನಾಂಕಗಳ ಪಟ್ಟಿ ಒಳಗೇ ಇದೆ.

ಕೋವಿಡ್: 2020ರ ಏಪ್ರಿಲ್, ಮೇ ತಿಂಗಳ ಸಿಪಿಐ ಪೂರ್ತಿ ಅಳೆದದ್ದಲ್ಲ. ಲಾಕ್‌ಡೌನ್‌ನಿಂದ ಬೆಲೆ ಸಂಗ್ರಹ ನಿಂತು, ಒಟ್ಟು ಸೂಚ್ಯಂಕವನ್ನು ಆಮೇಲೆ ಅಂದಾಜಿನಿಂದ ತುಂಬಿದರು. ಅವೆರಡನ್ನು ಮೌಲ್ಯಮಾಪನದಿಂದ ಬಿಡಿ, ಬಿಟ್ಟಿದ್ದೇನೆ ಅಂತ ಬರೆಯಿರಿ. ಜಿಡಿಪಿಯಲ್ಲಿ ಏಪ್ರಿಲ್–ಜೂನ್ 2020ರ ಮೊದಲ ಅಂಕಿ ಮೈನಸ್ 23.9, ಮರುವರ್ಷ ಅದೇ ತ್ರೈಮಾಸಿಕದಲ್ಲಿ ಪ್ಲಸ್ 20.1. ಈ ಜೋಡಿಯನ್ನು ಹಾಗೇ ಬಿಟ್ಟರೆ ಎಲ್ಲ ಗುಣಾಂಕವೂ ಅವುಗಳ ಕಡೆ ವಾಲುತ್ತದೆ. ಒಂದೇ ಡಮ್ಮಿ ಸಾಲದು, ಲ್ಯಾಗ್ ಮೂಲಕ ಆ ಅಂಕಿ ಮುಂದಿನ ತ್ರೈಮಾಸಿಕಗಳ ಸಮೀಕರಣದ ಬಲಗಡೆಗೂ ಬಂದು ಕೂರುತ್ತದೆ. ಲೆಂಜಾ ಮತ್ತು ಪ್ರಿಮಿಚೆರಿ ಮಾಡಿದ ಹಾಗೆ ಆ ಅವಧಿಯ ಆಘಾತಗಳ ವ್ಯತ್ಯಯವನ್ನು ಹಿಗ್ಗಿಸಿ ತೂಕ ಕಡಿಮೆ ಮಾಡುವುದು ಒಂದು ದಾರಿ. ಶೋರ್‌ಫೈಡ್ ಮತ್ತು ಸಾಂಗ್ ಅವರ ಹಾಗೆ ಅಂದಾಜಿನಿಂದಲೇ ಆ ತಿಂಗಳು ಕೈಬಿಡುವುದು ಇನ್ನೊಂದು; ಶುರುವಿಗೆ ಇದೇ ಸುಲಭ.

ಸರಣಿಲೆಕ್ಕ

ಡೀಬೋಲ್ಡ್–ಮರಿಯಾನೋಗೆ ನಾನು ಹೇಳುತ್ತೇನೆ. 12 ತಿಂಗಳ ಮುಂದಿನ ಫೋರ್‌ಕಾಸ್ಟ್ ದೋಷಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. 60 ಫೋರ್‌ಕಾಸ್ಟ್ ಇದ್ದರೂ ಒಂದಕ್ಕೊಂದು ತಗಲದೆ ನಿಲ್ಲುವುದು ಐದೇ. ಆರ್‌ನ ಫೋರ್‌ಕಾಸ್ಟ್ ಪ್ಯಾಕೇಜಿನ ಡಿಎಂ ಟೆಸ್ಟ್‌ನಲ್ಲಿ ಅವಧಿಯ ಜಾಗಕ್ಕೆ 12 ಕೊಡಬೇಕು. ಖಾಲಿ ಬಿಟ್ಟರೆ 1 ಅಂತ ಹಿಡಿದು ಇಲ್ಲದ ವ್ಯತ್ಯಾಸವನ್ನು ಇದೆ ಅಂತ ತೋರಿಸಬಹುದು. ಹಾರ್ವೆ, ಲೇಬೋರ್ನ್, ನ್ಯೂಬೋಲ್ಡ್ ಅವರ ಸಣ್ಣ ಮಾದರಿ ತಿದ್ದುಪಡಿ ಅದರಲ್ಲೇ ಸೇರಿದೆ.

ನಿಮ್ಮ ವಿಎಆರ್‌ನಲ್ಲಿ ಹಣದುಬ್ಬರದ ಸಮೀಕರಣಕ್ಕೆ ಬೇರೆ ಚರಗಳ ಗುಣಾಂಕ ಸೊನ್ನೆ ಇಟ್ಟರೆ ಎಆರ್ ಬರುತ್ತದೆ, ಅಂದರೆ ಒಂದು ಇನ್ನೊಂದರ ಒಳಗೆ ಕೂತಿದೆ. ಹಾಗಿದ್ದಾಗ ಡೀಬೋಲ್ಡ್–ಮರಿಯಾನೋ ಪರೀಕ್ಷೆಯ ಸಾಮಾನ್ಯ ಟೇಬಲ್ ನಡೆಯುವುದಿಲ್ಲ; ಕ್ಲಾರ್ಕ್ ಮತ್ತು ವೆಸ್ಟ್ (2007) ತಿದ್ದುಪಡಿ ಬಳಸಿ. ಕೈಯಲ್ಲೇ ಮಾಡಬಹುದು: ಸಣ್ಣ ಮಾದರಿಯ ದೋಷದ ವರ್ಗದಿಂದ ದೊಡ್ಡದರ ದೋಷದ ವರ್ಗ ಕಳೆಯಿರಿ, ಎರಡು ಫೋರ್‌ಕಾಸ್ಟ್‌ಗಳ ವ್ಯತ್ಯಾಸದ ವರ್ಗ ಕೂಡಿಸಿ, ಬಂದ ಸರಣಿಯನ್ನು ಬರೀ ಸ್ಥಿರಾಂಕದ ಮೇಲೆ ರಿಗ್ರೆಸ್ ಮಾಡಿ. ಒಂದಕ್ಕಿಂತ ಹೆಚ್ಚು ತಿಂಗಳ ಅವಧಿಗೆ ನ್ಯೂವಿ–ವೆಸ್ಟ್ ದೋಷಮಾಪನ (ಒಂದರ ಮೇಲೊಂದು ಹಾಸಿದ ದೋಷಗಳಿಗೆ ಸರಿಹೊಂದಿಸಿದ್ದು). ಒಂದು ಬದಿಯ ಪರೀಕ್ಷೆ, 5% ಮಟ್ಟಕ್ಕೆ ಟಿ ಮೌಲ್ಯ 1.645 ದಾಟಬೇಕು.

ಇನ್ನೊಂದು ಹೋಲಿಕೆ ಬಿಡಬೇಡಿ. ರಿಸರ್ವ್ ಬ್ಯಾಂಕ್ 2007ರ ಸೆಪ್ಟೆಂಬರ್‌ನಿಂದ ವೃತ್ತಿಪರ ಮುನ್ನಂದಾಜುಗಾರರ ಸಮೀಕ್ಷೆ ನಡೆಸುತ್ತಿದೆ, ಪ್ರತಿ ಸುತ್ತಿನ ಮಧ್ಯಾಂಕ ವೆಬ್‌ಸೈಟಿನಲ್ಲೇ ಇದೆ. ಮಾದರಿ ಎಆರ್ ದಾಟಿತು, ಆದರೆ ಆ ಮಧ್ಯಾಂಕ ದಾಟಲಿಲ್ಲ ಅಂದರೆ ಪರೀಕ್ಷಕರು ಅಲ್ಲಿಗೇ ಬರುತ್ತಾರೆ. ಹೋಲಿಸುವಾಗ ಸಮೀಕ್ಷೆಗೆ ಉತ್ತರ ಕೊಟ್ಟ ದಿನಕ್ಕೆ ನಿಮ್ಮ ಮಾದರಿಯನ್ನೂ ನಿಲ್ಲಿಸಿ; ಆಮೇಲೆ ಬಂದ ಸಿಪಿಐ ಅಂಕಿ ನಿಮ್ಮ ಕಡೆ ಸೇರಿದ್ದರೆ ಆ ಗೆಲುವು ಲೆಕ್ಕಕ್ಕಿಲ್ಲ.